ಹಳೆ ಮಟ್ಟು, ಹೊಸ ಲೆಕ್ಕ

ಅಮೆರಿಕದ ಬೆಟ್ಟದ ಹಳ್ಳಿ, ಗಣಿಗೇರಿ, ಹತ್ತಿಹೊಲಗಳಲ್ಲಿ ಬೆಳೆದ ಹಾಡುಗಾರಿಕೆಗೆ ಇಂದು 'ರೂಟ್ಸ್ ಮ್ಯೂಸಿಕ್' ಎಂಬ ಒಟ್ಟು ಹೆಸರಿದೆ. ಬ್ಲೂಸ್, ಹಳೆಯ ಕಂಟ್ರಿ, ಬ್ಲೂಗ್ರಾಸ್, ಗಾಸ್ಪೆಲ್, ಕಥನಗೀತೆ, ಲೂಸಿಯಾನಾದ ಫ್ರೆಂಚ್ ಮಾತಿನ ಕೇಜನ್ ಎಲ್ಲವೂ ಇದರಲ್ಲಿ ಸೇರುತ್ತವೆ. ಹೆಸರು ಕೇಳಿದವರಿಗೆ ಇದು ಕಳೆದುಹೋದ ಕಾಲವನ್ನು ನೆನೆದು ನಿಟ್ಟುಸಿರುಬಿಡುವ ಸಂಗೀತವೆಂದು ತೋರಬಹುದು. ಹಾಡುಗಳನ್ನು ಒಂದೊಂದಾಗಿ ಕೇಳುತ್ತ ಹೋದರೆ ಸಿಗುವುದು ಹಿಟ್ಟಿನ ಬೆಲೆ, ಕೂಲಿಯ ದರ, ಅಂಗಡಿಯ ಸಾಲ, ಒಡೆದ ನದಿಯ ಏರಿ, ಬೀಗ ಬಿದ್ದ ಗಿರಣಿ. ಹುಟ್ಟಿದ ದಿನ ಇವು ಹಳೆಯ ಹಾಡುಗಳಾಗಿರಲಿಲ್ಲ, ಊರಿನ ಹೊಸ ಸುದ್ದಿಯಾಗಿದ್ದವು. ಹಳೆಯದೇನಿದ್ದರೂ ಹೆಚ್ಚಾಗಿ ಮಟ್ಟು ಮಾತ್ರ.

ಆ ಮಟ್ಟುಗಳು ಎರಡು ದಿಕ್ಕಿನಿಂದ ಬಂದವು. ಪಿಟೀಲು ಮತ್ತು ಉದ್ದುದ್ದ ಕಥನಗೀತೆಗಳು ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡುಗಳಿಂದ ವಲಸೆ ಹೊರಟವರ ಜೊತೆ ಅಪಲೇಚಿಯನ್ ಬೆಟ್ಟಸಾಲಿಗೆ ಬಂದು ನೆಲೆಸಿದವು. ಬ್ಯಾಂಜೊ ಬಂದದ್ದು ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರ ನೆನಪಿನಲ್ಲಿ. ಸೋರೆಬುರುಡೆಗೆ ತೊಗಲು ಬಿಗಿದು, ಕೋಲು ತೂರಿಸಿ, ತಂತಿ ಕಟ್ಟಿದ ವಾದ್ಯ ಅದು. ಇಂದಿನ ಬ್ಯಾಂಜೊದಲ್ಲೂ ಒಂದು ಗಿಡ್ಡ ತಂತಿ ಉಳಿದಿದ್ದು, ಹೆಬ್ಬೆರಳು ಅದನ್ನು ಆಗಾಗ ಮೀಟುತ್ತ ಶ್ರುತಿಯ ಹಾಗೆ ಮಿಡಿಸುತ್ತಿರುತ್ತದೆ. ಗಿಟಾರ್ ಹಳ್ಳಿಗಳಿಗೆ ತಡವಾಗಿ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಿಯರ್ಸ್ ರೋಬಕ್‌ನಂಥ ಕಂಪನಿಗಳ ಕ್ಯಾಟಲಾಗಿನಿಂದ ಅಂಚೆಯಲ್ಲೇ ತರಿಸಿಕೊಳ್ಳಬಹುದಾದಾಗ ಅದು ಬಡವರ ವಾದ್ಯವಾಯಿತು.

ಬ್ಲೂಸ್‌ನ ಕಟ್ಟು ಸರಳ. ಹಾಡುಗಾರ ಒಂದು ಸಾಲು ಹಾಡುತ್ತಾನೆ, ಅದನ್ನೇ ಇನ್ನೊಮ್ಮೆ ಹಾಡುತ್ತಾನೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರವನ್ನೋ ಕೊಂಕನ್ನೋ ಕೊಡುತ್ತಾನೆ. ಎರಡನೆಯ ಸಲ ಹಾಡುವ ಹೊತ್ತಿನಲ್ಲಿ ಮೂರನೆಯದನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳಲು ಬಿಡುವು ಸಿಗುತ್ತದೆ. ಮುಂಜಾನೆ ನಡೆದದ್ದು ಸಂಜೆಗೆ ಹಾಡಾಗಲು ಇಷ್ಟು ಸಾಕು.

ಕಷ್ಟಕಾಲವನ್ನೇ ಹೆಸರಿಟ್ಟು ಕರೆದ ಪ್ರಸಿದ್ಧ ಹಾಡುಗಳಲ್ಲಿ ಸ್ಟೀಫನ್ ಫಾಸ್ಟರ್ 1854ರಲ್ಲಿ ಪ್ರಕಟಿಸಿದ 'ಹಾರ್ಡ್ ಟೈಮ್ಸ್ ಕಮ್ ಅಗೇನ್ ನೋ ಮೋರ್' ಹಳೆಯದು. ಉಳ್ಳವರ ಮನೆಯ ಬಾಗಿಲಲ್ಲಿ ನಿಂತ ಬಡವರ ಕಡೆ ಕಣ್ಣು ಹೊರಳಿಸಿರೆಂದು ಅದು ಕೇಳಿಕೊಳ್ಳುತ್ತದೆ. ಫಾಸ್ಟರ್ ಬೀದಿ ಹಾಡುಗಾರನಲ್ಲ, ಅಚ್ಚಾದ ಸ್ವರಪ್ರಸ್ತಾರ ಮಾರಿ ಬದುಕಲು ಹೊರಟ ವೃತ್ತಿಪರ. ಹಾಡು ಊರೂರು ಸುತ್ತಿತು, ದುಡ್ಡು ಪ್ರಕಾಶಕರ ಕಡೆ ಹೋಯಿತು. 1864ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅವರು ಸತ್ತಾಗ ಹಣದ ಚೀಲದಲ್ಲಿದ್ದದ್ದು 38 ಸೆಂಟ್. ಆಗ ಅವರಿಗೆ 37 ವರ್ಷ.

ಹಾಡು ಮತ್ತು ದುಡ್ಡಿನ ಈ ತಕರಾರು ಧ್ವನಿಮುದ್ರಣ ಬಂದ ಮೇಲೆ ದೊಡ್ಡದಾಯಿತು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ತಟ್ಟೆ ಬಿಸಿಬಿಸಿಯಾಗಿ ಮಾರಾಟವಾದಾಗ, ಕಪ್ಪು ಜನರೂ ಗ್ರಾಮಫೋನ್ ಕೊಳ್ಳುತ್ತಾರೆಂಬುದು ಕಂಪನಿಗಳಿಗೆ ಹೊಳೆಯಿತು. 1923ರಲ್ಲಿ ಅಟ್ಲಾಂಟಾದ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುಗಾರನ ತಟ್ಟೆ ಬಂದಾಗ ಬಡ ಬಿಳಿಯರೂ ಕೊಳ್ಳುತ್ತಾರೆಂಬುದು ಗೊತ್ತಾಯಿತು. ಅಲ್ಲಿಂದ ಕಂಪನಿಗಳು ಎರಡು ಖಾತೆ ತೆರೆದವು: ಕಪ್ಪು ಜನರ ಹಾಡಿಗೆ 'ರೇಸ್', ಬೆಟ್ಟದ ಬಿಳಿಯರ ಹಾಡಿಗೆ 'ಹಿಲ್‌ಬಿಲಿ'. ಹಾಡುಗಾರರು ಒಬ್ಬರಿಂದೊಬ್ಬರು ಕಲಿಯುತ್ತಲೇ ಇದ್ದರು. ಬೇಲಿ ಇದ್ದದ್ದು ಕ್ಯಾಟಲಾಗಿನಲ್ಲಿ.

1927ರ ಬೇಸಿಗೆಯಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಬ್ರಿಸ್ಟಲ್ ಎಂಬ ಊರಿಗೆ ಬಂದರು. ಆ ಊರಿನ ಮುಖ್ಯಬೀದಿಯ ನಡುಮಧ್ಯದಲ್ಲಿ ಟೆನೆಸ್ಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿ ಹಾದುಹೋಗುತ್ತದೆ. ಹಿಂದೆ ಟೋಪಿ ವ್ಯಾಪಾರದ ಕಟ್ಟಡವಾಗಿದ್ದಲ್ಲಿ ಸದ್ದು ತಡೆಯಲು ಕಂಬಳಿ ತೂಗುಬಿಟ್ಟು ಯಂತ್ರ ಹೂಡಿದರು. ಮೊದಲಿಗೆ ಹೆಚ್ಚು ಜನ ಬರಲಿಲ್ಲ. ಆಗ ಸ್ಥಳೀಯ ಪತ್ರಿಕೆಯೊಂದು ಅರ್ನೆಸ್ಟ್ ಸ್ಟೋನ್‌ಮನ್ ಎಂಬ ಹಾಡುಗಾರ ಹಿಂದಿನ ವರ್ಷ ತಟ್ಟೆಗಳಿಂದ 3,600 ಡಾಲರ್ ಗಳಿಸಿದ್ದನ್ನು ಬರೆಯಿತು. ಮರುದಿನದಿಂದ ಬೆಟ್ಟದ ಹಾದಿಗಳೆಲ್ಲ ಬ್ರಿಸ್ಟಲ್ ಕಡೆ ತಿರುಗಿದವು. ಜುಲೈ 25ರಿಂದ ಆಗಸ್ಟ್ 5ರೊಳಗೆ 19 ತಂಡಗಳ 76 ಹಾಡುಗಳು ಮೇಣದ ತಟ್ಟೆಗಿಳಿದವು.

ಹಾಗೆ ಬಂದವರಲ್ಲಿ ಪುವರ್ ವ್ಯಾಲಿ ಎಂಬ ಕಣಿವೆಯ ಎ. ಪಿ. ಕಾರ್ಟರ್, ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್ ಇದ್ದರು. ಕಾರು ತಮ್ಮನದು. ಅವನ ಮೆಕ್ಕೆಜೋಳದ ಹೊಲದ ಕಳೆ ತೆಗೆದುಕೊಡುವ ಮಾತಿನ ಮೇಲೆ ಎ. ಪಿ. ಅದನ್ನು ಪಡೆದಿದ್ದರು. ಮೇಬೆಲ್ ತುಂಬು ಬಸುರಿ, 18 ವರ್ಷದವರು. ಒಂದು ಹಾಡಿಗೆ 50 ಡಾಲರ್, ಜೊತೆಗೆ ಮಾರಾಟದಲ್ಲಿ ಚೂರು ಪಾಲು ಎಂಬುದು ಕರಾರು. ಹಾಡಿನ ಪ್ರಕಟಣೆಯ ಹಕ್ಕು ಪಿಯರ್ ಕೈಯಲ್ಲಿ ಉಳಿಯಿತು. ಗಿಟಾರಿನ ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ರಾಗ ನುಡಿಸುತ್ತ, ಅದೇ ಕೈಯ ಬೆರಳಿನಿಂದ ಸಣ್ಣ ತಂತಿಗಳನ್ನು ಸವರಿ ತಾಳ ಹಿಡಿಯುವ ಮೇಬೆಲ್ ಅವರ ವರಸೆ ಮುಂದೆ ದೇಶದ ಗಿಟಾರ್ ಕಲಿಯುವವರಿಗೆಲ್ಲ ಪಾಠವಾಯಿತು.

ಎ. ಪಿ. ಬೆಟ್ಟದ ಮನೆಮನೆ ಅಲೆದು ಹಾಡು ಕೂಡಿಸುತ್ತಿದ್ದರು. ಜೊತೆಗೆ ಹೋಗುತ್ತಿದ್ದವರು ಲೆಸ್ಲಿ ರಿಡಲ್, ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದ ಕಪ್ಪು ವರ್ಣದ ಗಿಟಾರುಗಾರ. ಎ. ಪಿ. ಮಾತು ಬರೆದುಕೊಂಡರೆ ರಿಡಲ್ ಮಟ್ಟು ನೆನಪಿಟ್ಟುಕೊಳ್ಳುತ್ತಿದ್ದರು. ತಟ್ಟೆಗಳ ಮೇಲೆ ಅವರ ಹೆಸರಿಲ್ಲ.

ಅದೇ ವಾರ ಅದೇ ಕೋಣೆಯಲ್ಲಿ ಹಾಡಿದ ಜಿಮ್ಮಿ ರಾಜರ್ಸ್ ರೈಲಿನ ಬ್ರೇಕ್‌ಮನ್ ಆಗಿದ್ದವರು, ಕ್ಷಯರೋಗಿ. ಅವರ ಹಾಡುಗಳಲ್ಲಿ ರೈಲು, ಅಲೆಮಾರಿತನ, ಜೈಲು, ಕಡೆಗೆ ತಮ್ಮದೇ ಕ್ಷಯ ಎಲ್ಲ ಬರುತ್ತವೆ. ಕಪ್ಪು ಕೂಲಿಗಳ ಬ್ಲೂಸ್‌ಗೆ ಆಲ್ಪ್ಸ್ ಬೆಟ್ಟದ ಯೋಡ್ಲ್ ಗಂಟಲನ್ನು ಬೆಸೆದು ಹಾಡಿದ ಅವರು ಕಂಟ್ರಿ ಸಂಗೀತದ ಮೊದಲ ತಾರೆ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಮಂಚ ಹಾಕಿಸಿಕೊಂಡು, ಹಾಡು ಹಾಡಿಗೂ ಮಲಗಿ ಸುಧಾರಿಸಿಕೊಂಡು ಮುದ್ರಣ ಮುಗಿಸಿದರು. ಎರಡು ದಿನ ಕಳೆದು ತೀರಿಕೊಂಡರು.

ಬ್ರಿಸ್ಟಲ್‌ಗೆ ಬಂದ ಇನ್ನೊಬ್ಬರು ಹುಟ್ಟುಕುರುಡ ಪಿಟೀಲುಗಾರ ಆಲ್‌ಫ್ರೆಡ್ ರೀಡ್. ಆ ವರ್ಷದ ಮೇ ತಿಂಗಳಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ನಡೆದ ರೈಲು ದುರಂತದ ಮೇಲೆ ಅವರು ಕಟ್ಟಿದ್ದ ಹಾಡು ಜುಲೈ ಹೊತ್ತಿಗೆ ತಟ್ಟೆಯಾಯಿತು. ರೀಡ್ ಹೆಸರು ಉಳಿದಿರುವುದು ಮಾತ್ರ 1929ರ ಡಿಸೆಂಬರ್ 4ರಂದು ನ್ಯೂಯಾರ್ಕಿನಲ್ಲಿ ಹಾಡಿದ ಇನ್ನೊಂದು ಹಾಡಿನಿಂದ. ಇಂಥ ಕಾಲದಲ್ಲಿ ಬಡವ ಬದುಕುವುದು ಹೇಗೆಂಬ ಪ್ರಶ್ನೆಯೇ ಅದರ ಪಲ್ಲವಿ. ದಿನಸಿ ಅಂಗಡಿಯ ಚೀಟಿ, ಶಾಲೆ, ದುಡ್ಡಿಗಾಗಿ ಪ್ರವಚನ ಮಾಡುವ ಪಾದ್ರಿ, ವಾಸಿಮಾಡದ ಡಾಕ್ಟರು, ಪಾನನಿಷೇಧದ ಹೆಸರಲ್ಲಿ ಗುಂಡು ಹಾರಿಸುವ ಅಧಿಕಾರಿ, ಒಬ್ಬೊಬ್ಬರಿಗೂ ಒಂದೊಂದು ಚರಣ. ಷೇರುಪೇಟೆ ಕುಸಿದು ಆಗ ಐದು ವಾರವಷ್ಟೇ ಆಗಿತ್ತು. ಹಾಗಾಗಿ ಇದನ್ನು ಮಹಾಕುಸಿತದ ಹಾಡೆಂದು ಕರೆಯುವುದು ರೂಢಿಯಾದರೂ ಹಾಡಿನಲ್ಲಿರುವ ದೂರುಗಳು ಅದಕ್ಕಿಂತ ಹಳೆಯವು. ರೈತನಿಗೂ ಗಣಿ ಕೂಲಿಗೂ 1920ರ ದಶಕವೆಲ್ಲ ಕುಸಿತವೇ ಆಗಿತ್ತು. ವಾಲ್ ಸ್ಟ್ರೀಟ್ ತಡವಾಗಿ ಬಂದು ಸೇರಿಕೊಂಡಿತು.

ದಕ್ಷಿಣದ ಮಿಸಿಸಿಪ್ಪಿ ಡೆಲ್ಟಾದಲ್ಲಿ ಲೆಕ್ಕ ಬೇರೆ ತರಹದ್ದು. ಗುಲಾಮಗಿರಿ ಹೋದ ಮೇಲೂ ಭೂಮಿ ಹಳೆಯ ಧಣಿಗಳಲ್ಲೇ ಉಳಿದು, ಕಪ್ಪು ಕುಟುಂಬಗಳು ಹತ್ತಿಯನ್ನು ಪಾಲಿಗೆ ಬೆಳೆಯುತ್ತಿದ್ದವು. ಬೀಜ, ಹೇಸರಗತ್ತೆ, ಹಿಟ್ಟು, ಬಟ್ಟೆ ಎಲ್ಲ ಧಣಿಯ ಅಂಗಡಿಯಿಂದ ಸಾಲ. ವರ್ಷದ ಕೊನೆಗೆ ಧಣಿಯೇ ಪುಸ್ತಕ ಬಿಚ್ಚಿ ಬಾಕಿ ಹೇಳುತ್ತಿದ್ದ. ಓದಲು ಬಂದರೂ ಎದುರು ಕೇಳುವ ಹಾಗಿರಲಿಲ್ಲ. ಇದರ ಮೇಲೆ ಮೆಕ್ಸಿಕೊ ಕಡೆಯಿಂದ ಬಂದ ಕಾಯಿಕೊರಕ ಕೀಟ. ಹತ್ತಿಯ ಮೊಗ್ಗಿನೊಳಗೆ ಮೊಟ್ಟೆಯಿಡುವ ಆ ಸಣ್ಣ ಸೊಂಡಿಲುಹುಳವನ್ನು ಹಾಡುಗಾರರು ಮನೆ ಹುಡುಕಿಕೊಂಡು ಬಂದ ಹಠಮಾರಿ ನೆಂಟನ ಹಾಗೆ ಮಾತಾಡಿಸಿದರು. ಆ ಹಾಡುಗಳಲ್ಲಿ ಕೀಟದ ಮೇಲೆ ಸಿಟ್ಟಿಗಿಂತ ಒಂದು ಬಗೆಯ ಮೆಚ್ಚುಗೆ ಕೇಳಿಸುತ್ತದೆ. ಧಣಿಗೆ ತಲೆಬಾಗದ ಜೀವ ಊರಿನಲ್ಲಿ ಅದೊಂದೇ ಇತ್ತೇನೋ.

1927ರ ಏಪ್ರಿಲ್ 21ರಂದು ಮೌಂಡ್ಸ್ ಲ್ಯಾಂಡಿಂಗ್‌ನಲ್ಲಿ ಮಿಸಿಸಿಪ್ಪಿಯ ಏರಿ ಒಡೆಯಿತು. ಆ ವರ್ಷದ ನೆರೆ ಲಕ್ಷಾಂತರ ಜನರನ್ನು ಮನೆ ಬಿಡಿಸಿತು. ಬೆಸ್ಸಿ ಸ್ಮಿತ್ ಹಾಡಿದ 'ಬ್ಯಾಕ್ ವಾಟರ್ ಬ್ಲೂಸ್' ಈ ನೆರೆಯ ಹಾಡೆಂದೇ ಮನೆಮಾತಾಯಿತು. ತಮಾಷೆಯೆಂದರೆ ಅದು ಮುದ್ರಣವಾದದ್ದು ಎರಡು ತಿಂಗಳು ಮೊದಲು, ಫೆಬ್ರವರಿಯಲ್ಲಿ. ಇನ್ನೊಂದು ನದಿಯ ಇನ್ನೊಂದು ನೆರೆಯ ಹಾಡು ಕೇಳುವವರ ಕಿವಿಯಲ್ಲಿ ತಮ್ಮ ಊರಿನದಾಯಿತು. ಎರಡು ವರ್ಷದ ಮೇಲೆ ಚಾರ್ಲಿ ಪ್ಯಾಟನ್ ಹಾಡಿದ್ದು ನಿಜಕ್ಕೂ ಆ ನೆರೆಯನ್ನೇ. ಒಂದಾದ ಮೇಲೊಂದರಂತೆ ಊರುಗಳ ಹೆಸರು ಹೇಳುತ್ತ, ಎಲ್ಲಿಗೆ ಓಡಿದರೂ ನೀರು ಬಂದದ್ದನ್ನು ಒರಟು ದನಿಯಲ್ಲಿ, ಗಿಟಾರಿನ ಮೈಯನ್ನೇ ತಟ್ಟುತ್ತ ಹೇಳುತ್ತಾರೆ. ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಪ್ಯಾಟನ್ ನೆರೆಗೆ ಎರಡೂ ಬದಿ ಬೇಕಾಯಿತು.

ಕುಸಿತದ ಕಾಲದ ಅತಿ ಕತ್ತಲೆಯ ಹಾಡು ಸ್ಕಿಪ್ ಜೇಮ್ಸ್ ಅವರದು. 1931ರ ಫೆಬ್ರವರಿಯಲ್ಲಿ ಅವರು ಮಿಸಿಸಿಪ್ಪಿಯಿಂದ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ಗೆ ರೈಲು ಹತ್ತಿದರು. ಅಲ್ಲಿದ್ದ ಪ್ಯಾರಮೌಂಟ್ ಎಂಬ ತಟ್ಟೆ ಕಂಪನಿಯ ಒಡೆತನ ಕುರ್ಚಿ ಮಾಡುವ ಕಾರ್ಖಾನೆಯದು. ಗ್ರಾಮಫೋನ್ ಪೆಟ್ಟಿಗೆ ಮಾಡಲು ಹೋಗಿ, ಪೆಟ್ಟಿಗೆ ಮಾರಲು ತಟ್ಟೆಯೂ ಬೇಕೆಂದು ಅದಕ್ಕಿಳಿದವರು. 'ಹಾರ್ಡ್ ಟೈಮ್ ಕಿಲಿಂಗ್ ಫ್ಲೋರ್ ಬ್ಲೂಸ್' ಎಂಬ ಆ ಹಾಡಿನ ಹೆಸರಿನಲ್ಲಿರುವುದು ಕಸಾಯಿಖಾನೆಯಲ್ಲಿ ದನ ಕಡಿಯುವ ನೆಲ. ಕೆಲಸ ಹುಡುಕಿ ಉತ್ತರಕ್ಕೆ ಹೋದ ದಕ್ಷಿಣದ ಕಪ್ಪು ಜನರಿಗೆ ಷಿಕಾಗೊದಲ್ಲಿ ಸಿಗುತ್ತಿದ್ದ ಕೆಲಸಗಳಲ್ಲಿ ಅದೂ ಒಂದು. ಜೇಮ್ಸ್ ಗಿಟಾರನ್ನು ಮೈನರ್ ಶ್ರುತಿಗೆ ಕಟ್ಟುತ್ತಿದ್ದರು. ಬೆರಳಿಡದೆ ಸುಮ್ಮನೆ ಮೀಟಿದರೂ ವಿಷಾದ ಕೇಳಿಸುವ ಶ್ರುತಿ ಅದು. ಅದರ ಮೇಲೆ ಹೆಣ್ಣುದನಿಯಷ್ಟು ಎತ್ತರದ ಸ್ವರದಲ್ಲಿ, ಮಾತಿನ ನಡುವೆ ಬರೀ ಗುನುಗುತ್ತ ಹಾಡಿದ್ದಾರೆ. ತಟ್ಟೆ ಮಾರಾಟವಾಗಲಿಲ್ಲ. 1964ರಲ್ಲಿ ಯುವ ಅಭಿಮಾನಿಗಳು ಆಸ್ಪತ್ರೆಯ ಹಾಸಿಗೆಯಲ್ಲಿ ಅವರನ್ನು ಹುಡುಕಿ ಹಿಡಿದು, ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆಗೆ ಕರೆತಂದರು.

ಮಾರಾಟವಾಗದ್ದು ಅವರದೊಂದೇ ತಟ್ಟೆಯಲ್ಲ. 1927ರಲ್ಲಿ ದೇಶದಲ್ಲಿ 10 ಕೋಟಿಯಷ್ಟಿದ್ದ ತಟ್ಟೆ ಮಾರಾಟ 1932ರ ಹೊತ್ತಿಗೆ 60 ಲಕ್ಷದ ಆಸುಪಾಸಿಗೆ ಇಳಿಯಿತು. ಹಾಡು ರೇಡಿಯೋ ಸೇರಿತು. ಕಾರ್ಟರ್ ಕುಟುಂಬ 1938ರಲ್ಲಿ ಟೆಕ್ಸಾಸ್ ಗಡಿಗೆ ಹೋಗಿ ಎಕ್ಸ್‌ಇಆರ್‌ಎ ನಿಲಯದಿಂದ ಹಾಡತೊಡಗಿತು. ಆ ನಿಲಯ ಕಟ್ಟಿದಾತ ಜಾನ್ ಬ್ರಿಂಕ್ಲಿ, ಹೋತದ ವೃಷಣವನ್ನು ಗಂಡಸರಿಗೆ ಕಸಿಮಾಡಿ ಪುರುಷತ್ವ ಮರಳಿಸುವೆನೆಂದು ಹಣ ಮಾಡಿದ ನಕಲಿ ವೈದ್ಯ. ಅಮೆರಿಕದ ಕಾನೂನು ತನ್ನನ್ನು ಮುಟ್ಟದಿರಲೆಂದು ಗೋಪುರವನ್ನು ನದಿಯಾಚೆ ಮೆಕ್ಸಿಕೊದ ನೆಲದಲ್ಲಿ ನಿಲ್ಲಿಸಿದ್ದ. ಅದರ ದನಿ ದೇಶದ ಬಹುಭಾಗ ತಲುಪುತ್ತಿತ್ತು. ತಲೆಗೂದಲ ಬಣ್ಣ, ಟಾನಿಕ್‌ಗಳ ಜಾಹೀರಾತಿನ ನಡುವೆ ಸ್ವರ್ಗ, ಸಾವು, ಬಡತನದ ಹಾಡು. ಸ್ವರ್ಗದಲ್ಲಿ ಆರ್ಥಿಕ ಕುಸಿತ ಇರುವುದಿಲ್ಲ ಎಂಬ ಅರ್ಥದ, ಕಾರ್ಟರ್‌ಗಳು 1936ರಲ್ಲಿ ಮುದ್ರಿಸಿದ ಹಾಡಿಗೆ ಅರ್ಧ ಶತಮಾನ ಕಳೆದ ಮೇಲೆ ಇನ್ನೊಂದು ಬಾಳು ಕಾದಿತ್ತು.

ಕಷ್ಟಕಾಲದ ಹಾಡೆಂದರೆ ಮೊದಲು ನೆನಪಾಗುವ ಹೆಸರು ವುಡಿ ಗತ್ರಿ. 1912ರಲ್ಲಿ ಓಕ್ಲಹೋಮಾದ ಒಕೀಮಾದಲ್ಲಿ ಹುಟ್ಟಿದ ಅವರು 1935ರ ಏಪ್ರಿಲ್ 14ರಂದು ಟೆಕ್ಸಾಸ್‌ನ ಪಾಂಪಾದಲ್ಲಿದ್ದರು. ಹುಲ್ಲುಗಾವಲನ್ನು ಗೋಧಿಗಾಗಿ ಉತ್ತು ಬಯಲು ಮಾಡಿದ್ದ ನೆಲ ವರ್ಷಗಟ್ಟಲೆ ಬರದಲ್ಲಿ ಪುಡಿಯಾಗಿತ್ತು. ಆ ಭಾನುವಾರ ಆ ಮಣ್ಣು ಗೋಡೆಯ ಹಾಗೆ ಎದ್ದು ಬಂದು ಹಗಲನ್ನು ನುಂಗಿತು. ಮನೆಯೊಳಗೆ ಕೂತವರಿಗೆ ಎದುರಿದ್ದವರ ಮುಖ ಕಾಣಲಿಲ್ಲ. ಲೋಕವೇ ಮುಗಿಯಿತೆಂದು ಜನ ಒಬ್ಬರಿಗೊಬ್ಬರು ವಿದಾಯ ಹೇಳಿಕೊಂಡರು. ಗತ್ರಿ ಆ ವಿದಾಯವನ್ನೇ ನಗುನಗುತ್ತ ಹಾಡಾಗಿಸಿದರು.

ಮುಂದೆ ಅವರು ಕ್ಯಾಲಿಫೋರ್ನಿಯಾ ಸೇರಿದಾಗ ಅಲ್ಲಿನ ತೋಟಗಳಲ್ಲಿ ಕೂಲಿಗಾಗಿ ಬಂದ ಓಕ್ಲಹೋಮಾದವರು ಡೇರೆಗಳಲ್ಲಿ ಬಿದ್ದಿದ್ದರು. 'ಓಕಿ' ಎಂಬುದು ಅಲ್ಲಿ ಬೈಗುಳ. 1936ರಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ತನ್ನ ನಗರದ ಪೊಲೀಸರನ್ನು ರಾಜ್ಯದ ಗಡಿಗೆ ಕಳಿಸಿ, ಜೇಬಿನಲ್ಲಿ ಕಾಸಿಲ್ಲದವರನ್ನು ಹಿಂದಕ್ಕಟ್ಟಿಸಿದ್ದ. ಗತ್ರಿಯ 'ಡೋ ರೇ ಮಿ' ಈ ತಡೆಗಟ್ಟೆಯ ಹಾಡು. ಇಂಗ್ಲಿಷಿನ ಆಡುಮಾತಿನಲ್ಲಿ ನಾದಿದ ಹಿಟ್ಟಿಗೂ ದುಡ್ಡಿಗೂ 'ಡೋ' ಎನ್ನುವುದುಂಟು. ಪಶ್ಚಿಮದ ಸರಿಗಮದ ಮೊದಲ ಸ್ವರಕ್ಕೂ ಅದೇ ಉಚ್ಚಾರ. ಸ್ವರ ಎಣಿಸುತ್ತಲೇ ಕಾಸು ಎಣಿಸುವ ಚಮತ್ಕಾರ ಅದರಲ್ಲಿದೆ. 1940ರ ಏಪ್ರಿಲ್‌ನಲ್ಲಿ ವಿಕ್ಟರ್ ಕಂಪನಿಗೆ ಅವರು ಹಾಡಿದ 'ಡಸ್ಟ್ ಬೌಲ್ ಬ್ಯಾಲಡ್ಸ್' ಸಂಪುಟದಲ್ಲಿ ಆ ವಿದಾಯದ ಹಾಡೂ ಇದೂ ಇವೆ. ಸ್ಟೈನ್‌ಬೆಕ್‌ನ ಕಾದಂಬರಿಯ ನಾಯಕ ಟಾಮ್ ಜೋಡ್‌ನ ಕಥೆಯನ್ನೂ ಅವರು ಹಾಡಾಗಿ ಹೇಳಿದ್ದಾರೆ. ಅದಕ್ಕೂ ತಟ್ಟೆಯ ಎರಡು ಬದಿ ಹಿಡಿಯಿತು.

ಗತ್ರಿ ಮಟ್ಟುಗಳನ್ನು ಕಟ್ಟಿದ್ದು ಕಡಿಮೆ, ಎತ್ತಿಕೊಂಡದ್ದು ಹೆಚ್ಚು. ಅಮೆರಿಕದ ಎರಡನೆಯ ರಾಷ್ಟ್ರಗೀತೆಯೆಂದೇ ಈಗ ಹಾಡುವ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಮಟ್ಟು ಕಾರ್ಟರ್ ಕುಟುಂಬದ್ದು. ಟಾಮ್ ಜೋಡ್ ಹಾಡಿನದು ಹಳೆಯ ಕೊಲೆಗಾರನೊಬ್ಬನ ಕಥನಗೀತೆಯದು. ಇದನ್ನು ಕಳ್ಳತನವೆಂದು ಆ ಲೋಕದಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಗೊತ್ತಿರುವ ಮಟ್ಟಾದರೆ ಜನ ಎರಡನೆಯ ಚರಣಕ್ಕೇ ದನಿಗೂಡಿಸುತ್ತಾರೆ. ಮುಷ್ಕರದ ಸಭೆಯಲ್ಲಿ ಹಾಡು ಕಲಿಸುತ್ತ ಕೂರಲು ಹೊತ್ತೆಲ್ಲಿದೆ? ಕಾರ್ಮಿಕ ಸಂಘಟಕ ಜೋ ಹಿಲ್ 1911ರಲ್ಲೇ ಸ್ವರ್ಗದ ಸುಖ ಹೊಗಳುವ ಚರ್ಚಿನ ಹಾಡಿನ ಮಟ್ಟಿಗೆ, ಹಸಿದವನಿಗೆ ಸತ್ತ ಮೇಲೆ ಊಟ ಕೊಡುವ ಪಾದ್ರಿಗಳ ಅಣಕವನ್ನು ಕೂರಿಸಿದ್ದರು. ಕನ್ನಡಕ್ಕೂ ಬಂದು ಶಾಲೆ, ಚಳವಳಿಗಳಲ್ಲಿ ಹಾಡಾಗಿರುವ 'ವಿ ಶಲ್ ಓವರ್‌ಕಮ್' ಇದೇ ದಾರಿಯಲ್ಲಿ ನಡೆದದ್ದು: ಚರ್ಚಿನ ಹಾಡು, 1945-46ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಖಾನೆಯ ಹೆಣ್ಣುಮಕ್ಕಳ ಮುಷ್ಕರ, ಅಲ್ಲಿಂದ ಟೆನೆಸ್ಸಿಯಲ್ಲಿ ಚಳವಳಿಗಾರರಿಗೆ ತರಬೇತಿ ಕೊಡುತ್ತಿದ್ದ ಹೈಲ್ಯಾಂಡರ್ ಶಾಲೆ, ಆಮೇಲೆ ನಾಗರಿಕ ಹಕ್ಕುಗಳ ಹೋರಾಟ.

1948ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್ ಕಣಿವೆಯಲ್ಲಿ ವಿಮಾನವೊಂದು ಬಿದ್ದು 32 ಜನ ಸತ್ತರು. ಅವರಲ್ಲಿ 28 ಮಂದಿ ಮೆಕ್ಸಿಕೊಗೆ ವಾಪಸು ಕಳಿಸುತ್ತಿದ್ದ ತೋಟದ ಕೂಲಿಗಳು. ಸುದ್ದಿಯಲ್ಲಿ ವಿಮಾನದ ಸಿಬ್ಬಂದಿಗೆ ಹೆಸರಿತ್ತು, ಕೂಲಿಗಳು ಬರೀ ಗಡೀಪಾರಾದವರು. ಗತ್ರಿ ಸಿಟ್ಟಿಗೆದ್ದು ಪದ್ಯ ಬರೆದರು. ಸುಮಾರು ಹತ್ತು ವರ್ಷದ ಮೇಲೆ ಮಾರ್ಟಿನ್ ಹಾಫ್‌ಮನ್ ಎಂಬ ಶಾಲಾ ಮೇಷ್ಟ್ರು ಅದಕ್ಕೆ ಮಟ್ಟು ಹಾಕಿದರು. ಕೂಲಿಗಳನ್ನು ಒಟ್ಟಾಗಿ ಹೂಳಿದ್ದ ಫ್ರೆಸ್ನೊದ ಸ್ಮಶಾನದಲ್ಲಿ 28 ಹೆಸರುಗಳನ್ನೂ ಕೆತ್ತಿದ ಕಲ್ಲು ನಿಂತದ್ದು 2013ರಲ್ಲಿ.

ಕಲ್ಲಿದ್ದಲ ಸೀಮೆಯ ಹಾಡುಗಳದು ಪ್ರತ್ಯೇಕ ಅಧ್ಯಾಯ. ಕೆಂಟಕಿಯ ಹಾರ್ಲನ್ ಜಿಲ್ಲೆಯಲ್ಲಿ 1931ರಲ್ಲಿ ಗಣಿ ಮಾಲೀಕರಿಗೂ ಸಂಘಕ್ಕೂ ಹೊಡೆದಾಟ ಹತ್ತಿತು. ಸಂಘಟಕ ಸ್ಯಾಮ್ ರೀಸ್ ಅವರನ್ನು ಹುಡುಕುತ್ತ ಷೆರಿಫ್‌ನ ಆಳುಗಳು ಮನೆಗೆ ನುಗ್ಗಿ ಎಲ್ಲ ಕೆದಕಿ ಹೋದರು. ಹೆಂಡತಿ ಫ್ಲಾರೆನ್ಸ್ ರೀಸ್ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಯಲ್ಲಿ ನೀನು ಯಾವ ಕಡೆಯವನೆಂದು ಕೇಳುವ ಹಾಡು ಬರೆದರು. ಮಟ್ಟು ಬ್ಯಾಪ್ಟಿಸ್ಟ್ ಚರ್ಚಿನದು. ನಾಲ್ಕು ದಶಕದ ಮೇಲೆ ಅದೇ ಜಿಲ್ಲೆಯಲ್ಲಿ ಮತ್ತೆ ಮುಷ್ಕರವಾದಾಗ, ವಯಸ್ಸಾದ ಅವರು ಸಭೆಯಲ್ಲಿ ಎದ್ದುನಿಂತು ಅದನ್ನು ಹಾಡಿದ್ದು ಬಾರ್ಬರಾ ಕೋಪಲ್ ಅವರ 1976ರ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಅದೇ ಚಿತ್ರಕ್ಕೆ ಹಾಡಿದ ಹೇಜಲ್ ಡಿಕೆನ್ಸ್ ಪಶ್ಚಿಮ ವರ್ಜೀನಿಯಾದ ಗಣಿ ಕುಟುಂಬದವರು. ಕಲ್ಲಿದ್ದಲ ಧೂಳು ಶ್ವಾಸಕೋಶ ಸೇರಿ ಅಣ್ಣ ಸತ್ತದ್ದನ್ನು ಅವರು 'ಬ್ಲ್ಯಾಕ್ ಲಂಗ್' ಎಂಬ ಹಾಡಾಗಿಸಿದರು. ಪಕ್ಕವಾದ್ಯವನ್ನೂ ಬಿಟ್ಟು ಹಾಡಿದಾಗ ಅದು ಹಾಡಿಗಿಂತ ಕೂಗಿಗೆ ಹತ್ತಿರ.

ಇದೇ ಕೆಂಟಕಿಯ ಮ್ಯೂಲೆನ್‌ಬರ್ಗ್ ಜಿಲ್ಲೆಯ ಗಣಿ ಕೂಲಿಯ ಮಗ ಮರ್ಲ್ ಟ್ರಾವಿಸ್ 1946ರಲ್ಲಿ 'ಸಿಕ್ಸ್‌ಟೀನ್ ಟನ್ಸ್' ಹಾಡಿದರು. ಗಣಿ ಕೂಲಿಗೆ ಸಂಬಳ ತುಂಬಿದ ಟನ್ನಿನ ಲೆಕ್ಕದಲ್ಲಿ. 16 ಟನ್ ಎಂದರೆ ಸುಮಾರು 14,500 ಕಿಲೊ. ಅನೇಕ ಕಂಪನಿಗಳು ಸಂಬಳವನ್ನು ಡಾಲರಿನಲ್ಲಿ ಕೊಡದೆ, ನಡುವೆ ತೂತು ಕೊರೆದ ಲೋಹದ ಬಿಲ್ಲೆಗಳಲ್ಲಿ ಕೊಡುತ್ತಿದ್ದವು. ಬಿಲ್ಲೆ ನಡೆಯುತ್ತಿದ್ದದ್ದು ಕಂಪನಿಯ ಅಂಗಡಿಯಲ್ಲಿ ಮಾತ್ರ, ಬೆಲೆ ಕಟ್ಟುತ್ತಿದ್ದದ್ದೂ ಕಂಪನಿಯೇ. ಮನೆ ಬಾಡಿಗೆ, ಹಾರೆ-ಗುದ್ದಲಿ, ಡಾಕ್ಟರ ಶುಲ್ಕ ಎಲ್ಲ ಮುರಿದುಕೊಂಡ ಮೇಲೆ ತಿಂಗಳ ಕೊನೆಗೆ ಕೈಗೆ ಬಿಲ್ಲೆಯೂ ಬರದ ಮನೆಗಳಿದ್ದವು. 1955ರಲ್ಲಿ ಟೆನೆಸ್ಸಿ ಅರ್ನಿ ಫೋರ್ಡ್ ಚಿಟಿಕೆ ಹಾಕುತ್ತ ಗಂಭೀರ ಕಂಠದಲ್ಲಿ ಹಾಡಿದಾಗ ಅದು ದೇಶದ ಜನಪ್ರಿಯ ಪಟ್ಟಿಯ ತುದಿಗೇರಿತು. ಹೊಸ ಕಾರು, ಹೊಸ ಫ್ರಿಜ್ ಕಂತಿನಲ್ಲಿ ಕೊಂಡಿದ್ದ ನಗರದವರಿಗೂ ಸಾಲದ ಹಾಡು ಹಿಡಿಸಿದ್ದು ಆಶ್ಚರ್ಯವೇನಲ್ಲ.

ಮ್ಯೂಲೆನ್‌ಬರ್ಗ್ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹಾಡುಗಾರ ಜಾನ್ ಪ್ರೈನ್ ಮೊದಲು ಷಿಕಾಗೊ ಬಳಿ ಅಂಚೆ ಹಂಚುತ್ತಿದ್ದವರು. ತಂದೆತಾಯಿಯ ಊರು ಆ ಜಿಲ್ಲೆಯ ಪ್ಯಾರಡೈಸ್. ಬೆಟ್ಟದ ಮೈ ಸುಲಿದು ಕಲ್ಲಿದ್ದಲು ತೆಗೆಯುವ ಯಂತ್ರಗಳು, ಪಕ್ಕದ ವಿದ್ಯುತ್ ಸ್ಥಾವರದ ಬೂದಿ ಸೇರಿ 1960ರ ದಶಕದಲ್ಲಿ ಊರೇ ಇಲ್ಲವಾಯಿತು. 1971ರಲ್ಲಿ ಅವರು ಊರಿನ ಹೆಸರಿನಲ್ಲೇ ಹಾಡು ಹೊರತಂದರು. ಮಗ ಊರಿಗೆ ಕರೆದುಕೊಂಡು ಹೋಗೆನ್ನುತ್ತಾನೆ, ತಡವಾಯಿತೆಂದು ಅಪ್ಪ ಹೇಳುತ್ತಾನೆ. ಸ್ಥಾವರದ ಕೊನೆಯ ಕಲ್ಲಿದ್ದಲು ಘಟಕ 2020ರ ಫೆಬ್ರವರಿಯಲ್ಲಿ ನಿಂತಿತು. ಎರಡು ತಿಂಗಳಲ್ಲಿ ಪ್ರೈನ್ ಕೋವಿಡ್‌ಗೆ ಬಲಿಯಾದರು.

ಓಕಿಗಳ ಮಕ್ಕಳು ಬೆಳೆದು ಬೇರೆ ಬಗೆಯ ಹಾಡು ಕಟ್ಟಿದರು. ಮರ್ಲ್ ಹ್ಯಾಗರ್ಡ್ ಬೆಳೆದ ಮನೆ ಕ್ಯಾಲಿಫೋರ್ನಿಯಾದ ಆಯಿಲ್‌ಡೇಲ್‌ನಲ್ಲಿ ಅಪ್ಪ ಹಳೆಯ ರೈಲು ಡಬ್ಬಿಯನ್ನು ತಿದ್ದಿ ಮಾಡಿದ್ದು. 1973ರ ಅವರ ಹಾಡೊಂದರಲ್ಲಿ ಕ್ರಿಸ್‌ಮಸ್‌ಗೆ ಮೊದಲು ಕಾರ್ಖಾನೆಯಿಂದ ತೆಗೆಯಲ್ಪಟ್ಟ ಅಪ್ಪ, ಮಗಳಿಗೆ ಹಬ್ಬ ಯಾಕಿಲ್ಲವೆಂದು ಹೇಗೆ ಹೇಳಲೆಂದು ಪೇಚಾಡುತ್ತಾನೆ. ಗತ್ರಿ ಎಡಪಂಥದವರು, ಹ್ಯಾಗರ್ಡ್‌ರ ಕೆಲ ಹಾಡುಗಳು ಬಲಪಂಥದವರಿಗೆ ಘೋಷಣೆಯಾದವು. ಬವಣೆ ಒಂದೇ, ಬೈಯುವ ದಿಕ್ಕು ಬೇರೆ.

1990ರಲ್ಲಿ ಇಲಿನಾಯ್ಸ್‌ನ ಅಂಕಲ್ ಟುಪೆಲೊ ಎಂಬ ಯುವ ರಾಕ್ ತಂಡ ಕಾರ್ಟರ್‌ಗಳ ಆ ಕುಸಿತವಿಲ್ಲದ ಸ್ವರ್ಗದ ಹಾಡನ್ನು ಹಾಡಿ, ತನ್ನ ಮೊದಲ ಆಲ್ಬಮ್‌ಗೆ 'ನೋ ಡಿಪ್ರೆಷನ್' ಎಂದು ಹೆಸರಿಟ್ಟಿತು. 1995ರಲ್ಲಿ ಅದೇ ಹೆಸರಿನ ಪತ್ರಿಕೆ ಶುರುವಾಯಿತು. ಆಮೇಲೆ 'ಅಮೆರಿಕಾನ' ಎಂಬ ಪ್ರಕಾರದ ಹೆಸರು, ಅದಕ್ಕೊಂದು ಸಂಘ, ಗ್ರ್ಯಾಮಿಯಲ್ಲಿ ಅದಕ್ಕೊಂದು ವಿಭಾಗ ಬಂದವು. ವಿಶ್ವಮೋಹನ ಭಟ್ಟರ ಜೊತೆ ನುಡಿಸಿ ಗ್ರ್ಯಾಮಿ ಹಂಚಿಕೊಂಡ ರೈ ಕೂಡರ್ ತಮ್ಮ ಮೊದಲ ಆಲ್ಬಮ್‌ನಲ್ಲೇ ರೀಡ್ ಅವರ ಪ್ರಶ್ನೆಯನ್ನು ಮತ್ತೆ ಹಾಡಿದ್ದರು. 2006ರ ಏಪ್ರಿಲ್ 30ರಂದು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅದನ್ನು ಕತ್ರೀನಾ ಚಂಡಮಾರುತದಿಂದ ಇನ್ನೂ ಎದ್ದಿರದ ನ್ಯೂ ಆರ್ಲಿಯನ್ಸ್‌ನ ಉತ್ಸವಕ್ಕೆ ತಂದರು. ರೀಡ್ ಬರೆದದ್ದರಲ್ಲಿ ಸ್ವಲ್ಪ ಉಳಿಸಿಕೊಂಡು, ಮುಳುಗಿದ ನಗರಕ್ಕೂ ಕೈಕೊಟ್ಟ ಸರ್ಕಾರಕ್ಕೂ ಹೊಸ ಚರಣ ಕಟ್ಟಿದ್ದರು. ಕುರುಡ ಪಿಟೀಲುಗಾರನ ಹಾಡಿಗೆ 77ನೆಯ ವರ್ಷದಲ್ಲಿ ಹೊಸ ಸುದ್ದಿ ಸೇರಿತು.

ಇತ್ತೀಚಿನ ಕಷ್ಟಗಳಿಗೂ ಹಾಡುಗಳಿವೆ. ಜೇಮ್ಸ್ ಮ್ಯಾಕ್‌ಮರ್ಟ್ರಿ 2004ರ ಚುನಾವಣೆಗೆ ಮುಂಚೆ ಅಂತರ್ಜಾಲದಲ್ಲಿ ಪುಕ್ಕಟೆ ಬಿಟ್ಟ 'ವಿ ಕಾಂಟ್ ಮೇಕ್ ಇಟ್ ಹಿಯರ್' ವಿದೇಶಕ್ಕೆ ಹೋದ ಬಟ್ಟೆ ಗಿರಣಿ, ಗಾಲಿಕುರ್ಚಿಯ ಮಾಜಿ ಸೈನಿಕ, ಬದುಕು ಸಾಗದ ಕನಿಷ್ಠ ಕೂಲಿಗಳನ್ನು ಏಳು ನಿಮಿಷ ಸಾಲಾಗಿ ತೋರಿಸುತ್ತದೆ. ಹೆಸರಿನಲ್ಲೇ ಶ್ಲೇಷೆ: ಇಲ್ಲಿ ಸರಕು ತಯಾರಿಸಲಾಗದು ಎಂದೂ ಹೌದು, ಇಲ್ಲಿ ಬಾಳಲಾಗದು ಎಂದೂ ಹೌದು. ಗಣಿ ಮುಚ್ಚಿದ ಬೆಟ್ಟದೂರುಗಳಿಗೆ ನೋವಿನ ಮಾತ್ರೆಗಳ ಚಟ ಬಂದದ್ದನ್ನು ಕೆಂಟಕಿಯ ಟೈಲರ್ ಚೈಲ್ಡರ್ಸ್ ಮಗನಿಗೆ ಅಪ್ಪ ಹೇಳುವ ಬುದ್ಧಿಮಾತಾಗಿ ಹಾಡಿದ್ದಾರೆ. ಮಿಷಿಗನ್‌ನ ಬಿಲ್ಲಿ ಸ್ಟ್ರಿಂಗ್ಸ್ ಮಾದಕಪುಡಿಯ ಪೊಟ್ಟಣದಿಂದ ಜೈಲು ಸೇರಿದವನ ಕಥೆಯನ್ನು ಮಿಂಚಿನ ವೇಗದ ಬ್ಲೂಗ್ರಾಸ್‌ಗೆ ಹೊಂದಿಸಿದ್ದಾರೆ. ಗತ್ರಿಯ ಧೂಳು, ಡಿಕೆನ್ಸ್‌ರ ಧೂಳು, ಈಗ ಈ ಧೂಳು.

ಗಿಲಿಯನ್ ವೆಲ್ಚ್ 2001ರಲ್ಲಿ ಹಾಡಿದ 'ಎವ್ರಿಥಿಂಗ್ ಈಸ್ ಫ್ರೀ' ಹಾಡುಗಾರರ ಸ್ವಂತ ಕಷ್ಟದ್ದು. ಅಂತರ್ಜಾಲದಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದು ಸಂಗೀತ ಬಿಟ್ಟಿಯಾದ ಹೊತ್ತು. ಹಾಡುವುದನ್ನು ಬಿಡಲಾಗದು, ಹಾಡಿ ಉಣ್ಣುವುದೂ ಆಗದು ಎಂಬ ಇಕ್ಕಟ್ಟನ್ನು ಅದು ತಣ್ಣಗೆ ಹೇಳುತ್ತದೆ. ಸ್ಟ್ರೀಮಿಂಗ್ ಬಂದು ಒಂದು ಹಾಡಿನ ಗಳಿಕೆ ಸೆಂಟಿನ ಚೂರಿಗಿಳಿದ ಮೇಲೆ ಎಳೆಯ ಗಾಯಕರು ಅದನ್ನು ಮತ್ತೆ ಮತ್ತೆ ಹಾಡಿಕೊಂಡರು. ವೆಲ್ಚ್ ಲಾಸ್ ಏಂಜಲೀಸಿನಲ್ಲಿ ಬೆಳೆದವರು, ಬೆಟ್ಟದ ಹಾಡು ಹಾಡಲು ಅವರಿಗೇನು ಹಕ್ಕು ಎಂದು ಆರಂಭದಲ್ಲಿ ವಿಮರ್ಶಕರು ಕೊಸರಿದ್ದರು. ಈ ಹಾಡಿನ ಕಷ್ಟ ಮಾತ್ರ ಅವರದೇ.

ಹಕ್ಕಿನ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಎತ್ತಿದವರು ಉತ್ತರ ಕೆರೊಲಿನಾದ ರಿಯಾನನ್ ಗಿಡನ್ಸ್. 2005ರಲ್ಲಿ ಗೆಳೆಯರೊಡನೆ ಕ್ಯಾರೊಲೈನಾ ಚಾಕೊಲೆಟ್ ಡ್ರಾಪ್ಸ್ ತಂಡ ಕಟ್ಟಿ, ಜೋ ಥಾಮ್ಸನ್ ಎಂಬ ಕಪ್ಪು ವರ್ಣದ ವೃದ್ಧ ಪಿಟೀಲುಗಾರನ ಮನೆಗೆ ಹೋಗಿ ಕಲಿತರು. ಬ್ಯಾಂಜೊ ಬಿಳಿಯರದೆಂದು ದಶಕಗಟ್ಟಲೆ ನಂಬಿಸಿದ್ದ ಆ ಹಳೆಯ ಎರಡು ಖಾತೆಗಳ ಲೆಕ್ಕವನ್ನು ವೇದಿಕೆಯ ಮೇಲೇ ಬಿಚ್ಚಿ ತೋರಿಸಿದರು. 2024ರಲ್ಲಿ ಬಿಯಾನ್ಸೆಯ 'ಟೆಕ್ಸಾಸ್ ಹೋಲ್ಡ್ ಎಮ್' ಕೇಳಿದ ಕೋಟ್ಯಂತರ ಜನರಿಗೆ ಮೊದಲು ಕೇಳಿಸಿದ್ದು ಗಿಡನ್ಸ್‌ರ ಬ್ಯಾಂಜೊ.

2023ರ ಆಗಸ್ಟ್‌ನಲ್ಲಿ ವರ್ಜೀನಿಯಾದ ಆಲಿವರ್ ಆಂಥೊನಿ ಕಾಡಿನ ಅಂಚಿನಲ್ಲಿ ನಿಂತು ಲೋಹದ ರೆಸೊನೇಟರ್ ಗಿಟಾರ್ ಹಿಡಿದು ಹಾಡಿದ ವಿಡಿಯೋ ಯೂಟ್ಯೂಬಿಗೆ ಬಂತು. ದಿನವಿಡೀ ದುಡಿತ, ಪುಡಿಗಾಸು, ರಾಜಧಾನಿಯ ಶ್ರೀಮಂತರು ಅದರ ವಸ್ತು. ಹಿಂದೆಂದೂ ಯಾವ ಪಟ್ಟಿಯಲ್ಲೂ ಹೆಸರಿಲ್ಲದಿದ್ದ ಗಾಯಕನ ಹಾಡು ನೇರವಾಗಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಇಳಿದದ್ದು ಅದೇ ಮೊದಲು. ಸರ್ಕಾರಿ ನೆರವಿನಲ್ಲಿ ಬದುಕುವ ಬಡವರ ಮೈದಪ್ಪವನ್ನು ಹಂಗಿಸುವ ಸಾಲುಗಳೂ ಅದರಲ್ಲಿದ್ದು, ಬಡವನ ಹಾಡು ಬಡವನನ್ನೇ ಚುಚ್ಚುತ್ತದೆಂದು ಟೀಕೆ ಬಂತು. ಟೀಕೆಯಲ್ಲಿ ಹುರುಳಿದೆ. ರಿಪಬ್ಲಿಕನ್ ಅಭ್ಯರ್ಥಿಗಳ ಚರ್ಚೆಯಲ್ಲಿ ಮೊದಲ ಪ್ರಶ್ನೆಯೇ ಈ ಹಾಡಿನಿಂದ ಶುರುವಾದಾಗ, ವೇದಿಕೆಯ ಮೇಲೆ ನಿಂತಿದ್ದ ಅವರ ಕುರಿತೇ ಹಾಡು ಬರೆದದ್ದೆಂದು ಆಂಥೊನಿ ಹೇಳಿಕೆ ಕೊಟ್ಟರು.

ಅದೇ ವರ್ಷ ಕಂಟ್ರಿ ಗಾಯಕ ಲ್ಯೂಕ್ ಕೋಂಬ್ಸ್ ಟ್ರೇಸಿ ಚ್ಯಾಪ್‌ಮನ್‌ರ 1988ರ 'ಫಾಸ್ಟ್ ಕಾರ್' ಹಾಡಿ ಗೆದ್ದರು. ಕುಡುಕ ಅಪ್ಪ, ಬಿಟ್ಟ ಶಾಲೆ, ಅಂಗಡಿಯ ಗಲ್ಲಾದ ಕೆಲಸ, ಓಡಿಹೋಗುವ ಆಸೆ. ಒಂದೇ ಗಿಟಾರಿನ ಸುತ್ತ ಹೆಣೆದ ಈ ಹಾಡಿನಲ್ಲಿ ಊರಿನ ಹೆಸರಿಲ್ಲ, ಹಾಗಾಗಿ ಕ್ಲೀವ್‌ಲ್ಯಾಂಡಿನ ಕಪ್ಪು ಹೆಣ್ಣುಮಗಳ ಹಾಡು ಉತ್ತರ ಕೆರೊಲಿನಾದ ಬಿಳಿಯನ ಬಾಯಲ್ಲಿ ಪದ ಬದಲಿಸದೆ ಹೊಂದಿಕೊಂಡಿತು. 35 ವರ್ಷದ ಹಳೆಯ ಹಾಡಿಗೆ ಕಂಟ್ರಿ ಸಂಗೀತ ಸಂಘದ ವರ್ಷದ ಹಾಡೆಂಬ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ ಚ್ಯಾಪ್‌ಮನ್. 2024ರ ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಜೊತೆಯಾಗಿ ಹಾಡಿದರು. ಲೆಸ್ಲಿ ರಿಡಲ್‌ಗೆ ಸಿಗದ್ದು, ಕಾರ್ಟರ್‌ಗಳು ಪಿಯರ್‌ಗೆ ಬಿಟ್ಟುಕೊಟ್ಟದ್ದು ಈ ಸಲ ಹಾಡು ಬರೆದವರಲ್ಲೇ ಇತ್ತು: ರಚನೆಯ ಹಕ್ಕನ್ನೂ ಪ್ರಕಟಣೆಯ ಹಕ್ಕನ್ನೂ ಚ್ಯಾಪ್‌ಮನ್ ಯಾರಿಗೂ ಮಾರಿರಲಿಲ್ಲ. ಕೋಂಬ್ಸ್ ದನಿಯಲ್ಲಿ ಆ ಕಾರು ಓಡಿದಷ್ಟು ಸಲವೂ ರಚನೆಯ ಪಾಲು ಅವರ ಖಾತೆಗೆ ಬಂತು.